ಒತ್ತಿದವರು ಯಾರು? – 'ಡಿಪ್ರೆಸ್ಡ್' ಎಂಬ ವಿಶೇಷಣದ ಸುತ್ತ

1

ದಲಿತ ವಿಮರ್ಶೆ ಎಂದೊಡನೆ ನಮ್ಮ ಜಗಳಗಳೆಲ್ಲ ಸಾಮಾನ್ಯವಾಗಿ ನಾಮಪದಗಳ ಸುತ್ತ ನಡೆಯುತ್ತವೆ. ದಲಿತ ಅಂದರೆ ಯಾರು, ದಲಿತೇತರರು ಬರೆದದ್ದು ದಲಿತ ಸಾಹಿತ್ಯ ಆಗುತ್ತದೋ ಇಲ್ಲವೋ, ಬಂಡಾಯಕ್ಕೂ ದಲಿತಕ್ಕೂ ನಡುವಿನ ಗೆರೆ ಎಲ್ಲಿ, ಹೀಗೆ. ಈ ಜಗಳಗಳು ಬೇಕು. ಆದರೆ ನಾಮಪದಗಳ ಜೊತೆಜೊತೆಗೇ ಬಂದು, ಸದ್ದಿಲ್ಲದೆ ತಮ್ಮ ಕೆಲಸ ಮಾಡಿಹೋಗುವ ವಿಶೇಷಣಗಳನ್ನು ನಾವು ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳಿದ್ದು ಕಡಿಮೆ. ಶೋಷಿತ, ದಮನಿತ, ಹಿಂದುಳಿದ, ದುರ್ಬಲ, ನೊಂದ, ಬೆಂದ – ಈ ಮಾತುಗಳು ನಮ್ಮ ಕರಪತ್ರಗಳಲ್ಲೂ ಇವೆ, ಸರಕಾರದ ಸುತ್ತೋಲೆಗಳಲ್ಲೂ ಇವೆ, ಪುಸ್ತಕ ಬಿಡುಗಡೆಯ ಭಾಷಣಗಳಲ್ಲೂ ಇವೆ. ಮೂರು ಕಡೆಯೂ ಒಂದೇ ಮಾತು ಸಲೀಸಾಗಿ ಓಡಾಡುತ್ತಿದೆ ಅಂದರೆ ನಮಗೆ ಅನುಮಾನ ಬರಬೇಕು.

ನಾನು ಪದವಿ ತರಗತಿಗಳಿಗೆ ಇಂಗ್ಲಿಷ್ ಪಾಠ ಮಾಡುವವನು. ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸಿ ಎಂದು ಹುಡುಗ ಹುಡುಗಿಯರಿಗೆ ಹೇಳುವುದೇ ನನ್ನ ಹೊಟ್ಟೆಪಾಡು. ಆ ಕಸುಬಿನ ಕಣ್ಣಿನಿಂದಲೇ ಇಲ್ಲಿ ಒಂದು ಇಂಗ್ಲಿಷ್ ವಿಶೇಷಣವನ್ನೂ ಅದರ ಬಳಗವನ್ನೂ ನೋಡುತ್ತೇನೆ. ಆ ಪದ 'ಡಿಪ್ರೆಸ್ಡ್'. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1935ರವರೆಗೆ ನಮ್ಮ ಜನರನ್ನು ಇಂಗ್ಲಿಷ್ ಬಲ್ಲ ಸುಧಾರಕರೂ ಸರಕಾರವೂ ಕರೆದದ್ದು ಹೆಚ್ಚಾಗಿ 'ಡಿಪ್ರೆಸ್ಡ್ ಕ್ಲಾಸಸ್' ಎಂದು.

ಈ ಪದದ ಬೇರು ಲ್ಯಾಟಿನ್ನಿನಲ್ಲಿದೆ. 'ಒತ್ತು' ಎಂಬ ಅರ್ಥದ ಧಾತು. ಅದಕ್ಕೆ 'ಕೆಳಕ್ಕೆ' ಎಂಬ ಉಪಸರ್ಗ ಸೇರಿ 'ಡಿಪ್ರೆಸ್' ಆಯಿತು. 'ಅಪ್ರೆಸ್', 'ಸಪ್ರೆಸ್' ಕೂಡ ಅದೇ ತಾಯಿಯ ಮಕ್ಕಳು. ಒಂದು ಎದುರು ಬಿದ್ದು ಒತ್ತುವುದು, ಇನ್ನೊಂದು ಅಡಿಗೆ ಹಾಕಿ ಒತ್ತುವುದು. ಅಕ್ಕತಂಗಿಯರಾದರೂ ಗುಣ ಬೇರೆ ಬೇರೆ. 'ಅಪ್ರೆಸ್ಡ್' ಅಂದ ಕೂಡಲೇ 'ಅಪ್ರೆಸರ್' ಎಂಬ ಆಸಾಮಿ ಬಾಗಿಲಿಗೆ ಬಂದು ನಿಲ್ಲುತ್ತಾನೆ. 'ಡಿಪ್ರೆಸ್ಡ್' ಅಂದರೆ ಯಾರೂ ಬರುವುದಿಲ್ಲ. ಇಂಗ್ಲಿಷಿನಲ್ಲಿ 'ಡಿಪ್ರೆಸರ್' ಎಂದರೆ ಡಾಕ್ಟರು ಗಂಟಲು ನೋಡುವಾಗ ನಾಲಿಗೆಯನ್ನು ಒತ್ತಿ ಹಿಡಿಯುವ ಪಟ್ಟಿ, ಅಷ್ಟೇ. ಮಾರುಕಟ್ಟೆ ಡಿಪ್ರೆಸ್ ಆಗುತ್ತದೆ, ನೆಲ ಡಿಪ್ರೆಸ್ ಆಗುತ್ತದೆ, ಬಂಗಾಳಕೊಲ್ಲಿಯಲ್ಲಿ ಡಿಪ್ರೆಶನ್ ಉಂಟಾಗಿ ಮಳೆ ಬರುತ್ತದೆ. ಯಾರೂ ಮಾಡಿದ್ದಲ್ಲ, ತಾನಾಗಿ ಆದದ್ದು. ಒಂದು ಸಮಾಜ ಇನ್ನೊಂದು ಸಮಾಜವನ್ನು ಸಾವಿರಾರು ವರ್ಷ ಒತ್ತಿ ಹಿಡಿದದ್ದನ್ನು ಹೇಳಲು ಆರಿಸಿದ್ದು ಈ ಪದವನ್ನು!

2

ಈ ಪದ ಬರಿ ಸರಕಾರದ ಸೃಷ್ಟಿಯಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ನಮ್ಮ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂಧೆಯವರು 1906ರಲ್ಲಿ ಮುಂಬಯಿಯಲ್ಲಿ ಅದೇ ಹೆಸರಿನ ಸಂಸ್ಥೆ ಆರಂಭಿಸಿದರು. ಇವರಿಬ್ಬರೂ ಸ್ವಂತ ಜಾತಿಯವರ ಬಹಿಷ್ಕಾರ, ನಿಂದೆಗಳನ್ನು ಸಹಿಸಿಕೊಂಡು ಶಾಲೆ ತೆರೆದವರು. ಅವರ ಕೆಲಸದ ಋಣ ದೊಡ್ಡದು. ನನ್ನ ಪ್ರಶ್ನೆ ಅವರು ಎತ್ತಿಕೊಂಡ ಪದದ ಬಗ್ಗೆ.

'ಡಿಪ್ರೆಸ್ಡ್' ಎಂಬುದರ ಜೋಡಿ ಪದ 'ಅಪ್‌ಲಿಫ್ಟ್', ಕನ್ನಡದಲ್ಲಿ ಉದ್ಧಾರ. ಕೆಳಗೆ ಒತ್ತಿದ್ದಕ್ಕೆ ಕರ್ತೃ ಇಲ್ಲ, ಮೇಲೆ ಎತ್ತುವುದಕ್ಕೆ ಮಾತ್ರ ಕರ್ತೃ ಇದ್ದಾನೆ. ಒತ್ತಿದವನು ಕಾಣುವುದಿಲ್ಲ, ಎತ್ತುವವನು ಮಾತ್ರ ಕಾಣುತ್ತಾನೆ. ಬಹಳ ಸಲ ಇಬ್ಬರೂ ಒಂದೇ ಬೀದಿಯವರು ಎಂಬುದು ಹೀಗೆ ಮುಚ್ಚಿಹೋಗುತ್ತದೆ. ಆನಿ ಬೆಸೆಂಟ್ 1909ರಲ್ಲಿ 'ಇಂಡಿಯನ್ ರಿವ್ಯೂ' ಪತ್ರಿಕೆಯಲ್ಲಿ ಈ ವರ್ಗಗಳ ಉದ್ಧಾರದ ಬಗ್ಗೆ ಒಂದು ಲೇಖನ ಬರೆದರು. ಈ ಮಕ್ಕಳ ಮೈ ವಾಸನೆ, ಅವರ ಊಟ, ಅವರ ಅಭ್ಯಾಸಗಳು ತೊಳೆದುಹೋಗುವವರೆಗೆ ಅವರನ್ನು ಉಳಿದ ಮಕ್ಕಳ ಜೊತೆ ಒಂದೇ ಶಾಲೆಯಲ್ಲಿ ಕೂರಿಸುವುದು ಸರಿಯಲ್ಲ ಎಂಬುದು ಅದರ ವಾದ. ಅಂಬೇಡ್ಕರ್ ಈ ಲೇಖನವನ್ನು ಎತ್ತಿ ತಮ್ಮ ಪುಸ್ತಕದಲ್ಲಿ ಇಟ್ಟಿದ್ದು ಸುಮ್ಮನೆ ಅಲ್ಲ. ಕರ್ತೃವನ್ನು ಕಳೆದುಕೊಂಡ ವಿಶೇಷಣ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಒತ್ತಿದವರು ಇಲ್ಲ ಅಂದಮೇಲೆ ದೋಷ ಒತ್ತಿಸಿಕೊಂಡವರ ಮೈಯಲ್ಲೇ ಇರಬೇಕು. ಹಾಗಾಗಿ ಮೊದಲ ಸುಧಾರಣೆ ಅವರಿಗೆ ಸ್ನಾನ ಮಾಡಿಸುವುದು.

ಈ ಪದಕ್ಕೆ ಗಟ್ಟಿಯಾದ ಅಂಚೂ ಇರಲಿಲ್ಲ. 1910ರ ದಶಕದ ಸರಕಾರಿ ಪಟ್ಟಿಗಳಲ್ಲಿ ಅಸ್ಪೃಶ್ಯರು, ಗುಡ್ಡಗಾಡಿನ ಜನ, ಬ್ರಿಟಿಷರು 'ಅಪರಾಧಿ ಬುಡಕಟ್ಟು' ಎಂದು ಹಣೆಪಟ್ಟಿ ಹಚ್ಚಿದವರು ಎಲ್ಲರೂ ಇದೇ ಚೀಲದಲ್ಲಿ ಬರುತ್ತಿದ್ದರು. ಪ್ರಾತಿನಿಧ್ಯದ ಪ್ರಶ್ನೆ ಬಂದಾಗ ಈ ಸಡಿಲತನ ಯಾರಿಗೆ ಲಾಭ ಎಂಬುದು ಬಯಲಾಯಿತು. 1932ರಲ್ಲಿ ಮತದಾನದ ಹಕ್ಕಿನ ಬಗ್ಗೆ ಲೋಥಿಯನ್ ಸಮಿತಿ ವಿಚಾರಣೆಗೆ ಬಂದಿತು. ಅದುವರೆಗೆ ಇದ್ದ ಅಸ್ಪೃಶ್ಯರ ಲೆಕ್ಕ ಉತ್ತರದ ಕೆಲವು ಪ್ರಾಂತ್ಯಗಳಲ್ಲಿ ಇದ್ದಕ್ಕಿದ್ದಂತೆ ಕರಗತೊಡಗಿತು. ನಮ್ಮಲ್ಲಿ ಅಂಥವರೇ ಇಲ್ಲ, ಇದ್ದರೂ ಬೆರಳೆಣಿಕೆ ಎಂದು ಸವರ್ಣೀಯರು ವಾದಿಸಿದ್ದನ್ನು ಅಂಬೇಡ್ಕರ್ ದಾಖಲಿಸಿದ್ದಾರೆ. ಎತ್ತುವಾಗ ಕೋಟಿಗಟ್ಟಲೆ ಇದ್ದವರು, ಸೀಟು ಹಂಚುವಾಗ ಮಾಯ. ಆ ಸಮಿತಿಯ ಮುಂದೆ ಅಂಬೇಡ್ಕರ್ ಹಿಡಿದ ಪಟ್ಟು ಒಂದೇ: ಬಡತನ, ಅನಕ್ಷರತೆ ಇತ್ಯಾದಿಗಳಲ್ಲ, ಅಸ್ಪೃಶ್ಯತೆಯೇ ಅಳತೆಗೋಲಾಗಬೇಕು. ಯಾಕೆಂದರೆ ಅಸ್ಪೃಶ್ಯತೆ ಅಂದಾಗ ಮುಟ್ಟಲು ಒಲ್ಲದ ಒಂದು ಕೈ ಅಲ್ಲಿ ಕಾಣಲೇಬೇಕಾಗುತ್ತದೆ.

3

ಅಂಬೇಡ್ಕರ್ ಸ್ವತಃ 'ಡಿಪ್ರೆಸ್ಡ್ ಕ್ಲಾಸಸ್' ಎಂಬ ಹೆಸರಿನಲ್ಲಿ ಸಂಘಟನೆ ಮಾಡಿದರು, ಸಾಕ್ಷ್ಯ ಹೇಳಿದರು. 1932ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದದಲ್ಲಿ 148 ಸ್ಥಾನಗಳನ್ನು ಬರೆದುಕೊಂಡದ್ದೂ ಅದೇ ಹೆಸರಿಗೆ. ಕೈಗೆ ಸಿಕ್ಕ ಪದದಲ್ಲೇ ಹೋರಾಡಬೇಕಾದ ಕಾಲ ಅದು. ಆದರೆ ಆ ಪದದ ಬಗ್ಗೆ ಅವರಿಗೆ ಭ್ರಮೆ ಇರಲಿಲ್ಲ. 1931ರ ನವೆಂಬರಿನಲ್ಲಿ, ಎರಡನೆಯ ದುಂಡುಮೇಜಿನ ಪರಿಷತ್ತಿನ ಹೊತ್ತಿಗೆ, ಅವರೂ ಮದರಾಸಿನ ರೆಟ್ಟಮಲೈ ಶ್ರೀನಿವಾಸನ್ ಅವರೂ ಸಲ್ಲಿಸಿದ ಪೂರಕ ಮನವಿಯಲ್ಲಿ ಈ ಹೆಸರನ್ನೇ ಬದಲಿಸಿ ಎಂದು ಕೇಳಿದರು. ಇದು ಅವಮಾನದ ಹೆಸರು, ಇದರ ಬದಲು 'ಜಾತಿಯಿಲ್ಲದ ಹಿಂದೂಗಳು', 'ಪ್ರೊಟೆಸ್ಟಂಟ್ ಹಿಂದೂಗಳು', 'ಕಟ್ಟಳೆಗೆ ಒಗ್ಗದ ಹಿಂದೂಗಳು' ಎಂಬಂಥ ಹೆಸರು ಇರಲಿ ಎಂಬುದು ಬೇಡಿಕೆ. ಈ ಹೆಸರುಗಳು ನಿಲ್ಲಲಿಲ್ಲ. ಹಿಂದೂ ಎಂಬ ಪದವನ್ನೇ ಅಂಬೇಡ್ಕರ್ ಮುಂದೆ ಬಿಟ್ಟರು. ಆದರೂ ವ್ಯಾಕರಣ ನೋಡಿ: ಪ್ರತಿಭಟಿಸುವವರು, ಒಗ್ಗದವರು. ಇಲ್ಲಿ ಕ್ರಿಯೆ ನಮ್ಮದು. ಅನುಭವಿಸುವವರು ಎಂಬ ಜಾಗದಿಂದ ಮಾಡುವವರು ಎಂಬ ಜಾಗಕ್ಕೆ ದಾಟುವ ಮೊದಲ ಯತ್ನ ಅದು.

'ಹರಿಜನ' ಎಂಬ ಹೆಸರಿನಲ್ಲಿ ಒತ್ತಿದವರ ಜಾಗಕ್ಕೆ ಹರಿಯನ್ನೇ ತಂದು ಕೂರಿಸಲಾಯಿತು. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಈ ಹೆಸರನ್ನು ಕಾನೂನಿಗೆ ಸೇರಿಸಲು ಹೊರಟಾಗ ಅಂಬೇಡ್ಕರ್ ತಮ್ಮ ಪಕ್ಷದವರೊಂದಿಗೆ ಸಭಾತ್ಯಾಗ ಮಾಡಿದರು. 1931ರ ಜನಗಣತಿಯ ಮುಖ್ಯಸ್ಥ ಹಟನ್ 'ಎಕ್ಸ್‌ಟೀರಿಯರ್', ಅಂದರೆ ಹೊರಗಿನ, ಜಾತಿಗಳು ಎಂಬ ಪದ ತಂದ. ಕೇರಿಯಲ್ಲಿ ಹುಟ್ಟಿದವರಿಗೆ ಅದು ತಕ್ಷಣ ಅರ್ಥವಾಗುವ ಪದ. ಆದರೆ ಬೇಲಿ ಹಾಕಿದವರು ಯಾರು ಎಂಬುದು ಅದರಲ್ಲೂ ಇಲ್ಲ.

ಕೊನೆಗೆ 1935ರ ಕಾಯ್ದೆಯಲ್ಲಿ 'ಶೆಡ್ಯೂಲ್ಡ್' ಬಂತು, ಸಂವಿಧಾನದಲ್ಲೂ ಉಳಿಯಿತು. ಇದು ಒಣ ಪದ. ಪಟ್ಟಿಯಲ್ಲಿ ಹೆಸರಿದೆ, ಅಷ್ಟೇ. ಇದರಲ್ಲಿ ಅವಮಾನವೂ ಇಲ್ಲ, ಇತಿಹಾಸವೂ ಇಲ್ಲ. ಆದರೆ ಕೋರ್ಟಿನಲ್ಲಿ ನಿಲ್ಲುತ್ತದೆ. ಆ ಪಟ್ಟಿಯಿಂದಲೇ ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು ಪಡೆದು ಓದಿದ ನಾನು ಅದನ್ನು ಹಗುರವಾಗಿ ಮಾತಾಡಲಾರೆ. ಕನ್ನಡದಲ್ಲಿ ಅದು 'ಪರಿಶಿಷ್ಟ' ಆಯಿತು. ಪರಿಶಿಷ್ಟ ಎಂದರೆ ಉಳಿದದ್ದು, ಪುಸ್ತಕದ ಕೊನೆಗೆ ಜೋಡಿಸುವ ಅನುಬಂಧ. ಊರಿನ ನಕ್ಷೆಯಲ್ಲಿದ್ದ ಜಾಗವೇ ಭಾಷೆಯಲ್ಲೂ ಸಿಕ್ಕಿತು.

ಪಟ್ಟಿಯ ಒಳಗಿನ ಕಥೆಯೂ ಇದೆ. ಮೈಸೂರು ಸಂಸ್ಥಾನದಲ್ಲಿ ಅಪಮಾನದ ಹೆಸರು ಬೇಡವೆಂದು ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಗೌರವದ ಹೆಸರುಗಳು ಬಂದವು. ಒಂದು ಜಿಲ್ಲೆಯಲ್ಲಿ ಹೊಲೆಯರಿಗೆ ಅಂಟಿದ ಹೆಸರು ಇನ್ನೊಂದು ಜಿಲ್ಲೆಯಲ್ಲಿ ಮಾದಿಗರಿಗೆ ಅಂಟಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣ ಮಾಡಬಹುದೆಂದು ತೀರ್ಪು ಕೊಟ್ಟಿತು. 2025ರಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಕರ್ನಾಟಕದಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿಸಿದಾಗ ಎದ್ದ ದೊಡ್ಡ ಪ್ರಶ್ನೆಗಳಲ್ಲಿ ಇದೂ ಒಂದು: 'ಎ.ಕೆ., ಎ.ಡಿ. ಅಂತ ಸರ್ಟಿಫಿಕೇಟಿದೆ, ಸರಿ, ನಿಮ್ಮ ಮೂಲ ಜಾತಿ ಯಾವುದು?' ಮುಚ್ಚಿದ ಹೆಸರನ್ನು ನೂರು ವರ್ಷದ ಮೇಲೆ ಮತ್ತೆ ಬಿಚ್ಚಬೇಕಾಯಿತು. ಪದದ ಅರ್ಥ ಶಬ್ದಕೋಶದಲ್ಲಿ ಮುಗಿಯುವುದಿಲ್ಲ, ನೌಕರಿಯ ಪಟ್ಟಿಯವರೆಗೂ ಬರುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

4

'ಬ್ಯಾಕ್‌ವರ್ಡ್' ಈ ಬಳಗದ ಇನ್ನೊಂದು ಪದ. ಕನ್ನಡದ 'ಹಿಂದುಳಿದ' ಇನ್ನೂ ಸ್ಪಷ್ಟ: ಹಿಂದೆ ಉಳಿದ. ಓಟದಲ್ಲಿ ಯಾರೋ ಸುಸ್ತಾಗಿ ಹಿಂದೆ ಬಿದ್ದಂತೆ. ಉಳಿದರೋ, ಉಳಿಸಿದರೋ? ಒಂದು ಅಕ್ಷರದ ವ್ಯತ್ಯಾಸದಲ್ಲಿ ಚರಿತ್ರೆ ಅಡಗಿದೆ. ಮೈಸೂರಿನಲ್ಲಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಬ್ರಾಹ್ಮಣರನ್ನು ಬಿಟ್ಟು ಉಳಿದ ಬಹುತೇಕ ಎಲ್ಲ ಸಮುದಾಯಗಳನ್ನು ಈ ಪದದೊಳಗೆ ತಂದಿತು. ಸರಕಾರಿ ನೌಕರಿಯಲ್ಲಿ ಒಂದೇ ಜಾತಿಯ ಯಜಮಾನಿಕೆಯನ್ನು ಮುರಿಯಲು ಅದು ಬೇಕಿತ್ತು, ನಿಜ. ಆದರೆ ಗೌಡನೂ ಗೌಡನ ಹೊಲದ ಜೀತಗಾರನೂ ಒಂದೇ ವಿಶೇಷಣದ ಕೆಳಗೆ ಬಂದಾಗ, ಊರಿಗೂ ಕೇರಿಗೂ ನಡುವೆ ಇದ್ದದ್ದನ್ನು ಹೇಳುವ ಪದವೇ ಇಲ್ಲವಾಯಿತು.

ಸಂವಿಧಾನದ 46ನೆಯ ವಿಧಿ 'ವೀಕರ್ ಸೆಕ್ಷನ್ಸ್', ದುರ್ಬಲ ವರ್ಗಗಳು, ಎನ್ನುತ್ತದೆ. ಆ ಮಾತಿನ ಜೊತೆ ಪರಿಶಿಷ್ಟರ ಹೆಸರನ್ನು 'ವಿಶೇಷವಾಗಿ' ಎಂದು ಸೇರಿಸಿರುವುದರಿಂದ ಅಲ್ಲಿ ಅದಕ್ಕೊಂದು ಲಂಗರು ಇದೆ. 2019ರ 103ನೆಯ ತಿದ್ದುಪಡಿ ಈ 'ವೀಕರ್' ಪದಕ್ಕೆ 'ಆರ್ಥಿಕವಾಗಿ' ಎಂಬ ಮಾತನ್ನು ಕಟ್ಟಿತು. ಪರಿಶಿಷ್ಟರನ್ನೂ ಹಿಂದುಳಿದವರನ್ನೂ ಹೊರಗಿಟ್ಟು, ಉಳಿದವರಿಗೆ ಶೇಕಡ 10ರ ಮೀಸಲಾತಿ ಕೊಟ್ಟಿತು. 2022ರಲ್ಲಿ ಸುಪ್ರೀಂ ಕೋರ್ಟು ಮೂವರು ಇಬ್ಬರ ಬಹುಮತದಲ್ಲಿ ಅದನ್ನು ಎತ್ತಿಹಿಡಿಯಿತು. ಇದರ ಕಾನೂನನ್ನು ವಕೀಲರು ಚರ್ಚಿಸಲಿ. ಭಾಷೆಯ ಪಾಠ ಸ್ಪಷ್ಟವಾಗಿದೆ: ಮಾಡಿದವರನ್ನು ಹೇಳದ ವಿಶೇಷಣ ಯಾರ ಮೈಗಾದರೂ ಸರಿಹೊಂದುವ ಅಂಗಿ. 'ಅಸ್ಪೃಶ್ಯ' ಎಂಬ ಪದವನ್ನು ಯಾವ ಮೇಲ್ಜಾತಿಯವನೂ ತೊಟ್ಟುಕೊಳ್ಳಲಾರ. 'ದುರ್ಬಲ'ವನ್ನು ಯಾರು ಬೇಕಾದರೂ ತೊಡಬಹುದು. ತೊಟ್ಟದ್ದೂ ಆಯಿತು.

ಹಾಗಾದರೆ 'ದಲಿತ'? ಇದೂ ವ್ಯಾಕರಣದಲ್ಲಿ ಕರ್ಮಣಿಯೇ. ಸಂಸ್ಕೃತದ 'ದಲ್', ಸೀಳು, ಒಡೆ. ಮರಾಠಿಯಲ್ಲಿ ಬೀಸುವುದಕ್ಕೆ 'ದಳಣೆ' ಅನ್ನುತ್ತಾರೆ. ಒಡೆದವರು ಯಾರೆಂದು ಈ ಪದವೂ ತಾನಾಗಿ ಹೇಳುವುದಿಲ್ಲ. ಅದನ್ನು ಹೇಳುವಂತೆ ಮಾಡಿದ್ದು ಚಳವಳಿ. ಅಂಬೇಡ್ಕರ್ 1948ರ ಪುಸ್ತಕದಲ್ಲಿ ಅಸ್ಪೃಶ್ಯರನ್ನು 'ಒಡೆದ ಜನ' ಎಂದು ಕರೆದು, ಯಾರು ಒಡೆದರು, ಹೇಗೆ ಒಡೆದರು ಎಂಬುದಕ್ಕೆ ಒಂದು ಚರಿತ್ರೆಯನ್ನೇ ಕಟ್ಟಿದರು. ಆ ಚರಿತ್ರೆಯ ವಿವರಗಳನ್ನು ಒಪ್ಪುವುದು ಬಿಡುವುದು ಬೇರೆ. ವಿಶೇಷಣಕ್ಕೆ ಕರ್ತೃವನ್ನು ಹುಡುಕಿ ತಂದದ್ದು ಮುಖ್ಯ. 1972ರಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತಮ್ಮ 1973ರ ಪ್ರಣಾಳಿಕೆಯಲ್ಲಿ ಭೂಹೀನರು, ಕಾರ್ಮಿಕರು, ಹೆಂಗಸರನ್ನೂ ಆ ಹೆಸರಿಗೆ ಸೇರಿಸಿಕೊಂಡು, ಎದುರಾಳಿ ಯಾರೆಂದೂ ಸಾರಿದರು. ನಮ್ಮಲ್ಲಿ ದಲಿತ ಸಂಘರ್ಷ ಸಮಿತಿ ಆ ಪದದ ಪಕ್ಕದಲ್ಲೇ 'ಸಂಘರ್ಷ' ಇಟ್ಟಿತು. ವಿಶೇಷಣವಾಗಿ ಬಂದದ್ದು ಹೀಗೆ ನಾಮಪದವಾಯಿತು. 'ಡಿಪ್ರೆಸ್ಡ್' ಎಂದು ಯಾರೂ ಘೋಷಣೆ ಕೂಗಲಿಲ್ಲ. 2018ರಲ್ಲಿ ಕೇಂದ್ರದ ವಾರ್ತಾ ಸಚಿವಾಲಯ ಟಿ.ವಿ. ಚಾನೆಲ್ಲುಗಳಿಗೆ ದಲಿತ ಎನ್ನಬೇಡಿ, ಶೆಡ್ಯೂಲ್ಡ್ ಕ್ಯಾಸ್ಟ್ ಎನ್ನಿ ಎಂದು ಸಲಹೆ ಕಳಿಸಿತು. ಯಾವ ಪದಕ್ಕೆ ಯಾರು ಇರುಸುಮುರುಸು ಪಡುತ್ತಾರೆ ಎಂಬುದೂ ಆ ಪದದ ಅರ್ಥದ ಒಂದು ಭಾಗ.

ಈ ವಿಷಯದಲ್ಲಿ ನಮ್ಮ ಆಡುಗನ್ನಡ ಬರಹಕ್ಕಿಂತ ಜಾಣ. 'ತುಳಿಯಲ್ಪಟ್ಟ' ಅಂತ ಯಾವ ಕೇರಿಯಲ್ಲೂ ಯಾರೂ ಮಾತಾಡುವುದಿಲ್ಲ. 'ಹೊಡೆಸ್ಕೊಂಡ', 'ಬೈಸ್ಕೊಂಡ' ಅನ್ನುತ್ತಾರೆ, ಆ ಮಾತು ಮುಗಿಯುವ ಮೊದಲೇ 'ಯಾರ ಕೈಲಿ?' ಎಂಬ ಪ್ರಶ್ನೆ ಬರುತ್ತದೆ. ನಮ್ಮವ್ವಂದಿರಿಗೆ ಗೊತ್ತಿರುವ ಈ ವ್ಯಾಕರಣವನ್ನು ನಾವು ಎಂ.ಎ. ಮಾಡುವ ಹೊತ್ತಿಗೆ ಮರೆತಿರುತ್ತೇವೆ.

5

ಪದವಿ ತರಗತಿಯಲ್ಲಿ ಪೂನಾ ಒಪ್ಪಂದದ ಮಾತು ಬಂದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: 'ಸಾರ್, ಡಿಪ್ರೆಸ್ಡ್ ಅಂದ್ರೆ ಬೇಜಾರಾಗಿರೋರು ಅಲ್ವಾ? ಡಿಪ್ರೆಸ್ಡ್ ಕ್ಲಾಸಸ್ ಅಂದ್ರೆ ಬೇಜಾರಾಗಿರೋ ಜನಾನಾ?' ತರಗತಿ ನಕ್ಕಿತು. ಆದರೆ ಅವಳು ಹೇಳಿದ್ದು ಇವತ್ತಿನ ಸರಿಯಾದ ಅರ್ಥವೇ. ಶಬ್ದಕೋಶ ತೆರೆದರೆ ಮೊದಲು ಸಿಗುವುದು ಖಿನ್ನ, ಕುಗ್ಗಿದ. ಸಮಾಜದಿಂದ ಹೊರಟ ಪದ ಮನಸ್ಸಿನೊಳಗೆ ಹೋಗಿ ಕೂತಿದೆ, ಮಾಡಿದವರನ್ನು ಇನ್ನೂ ಹೊರಗೇ ಬಿಟ್ಟು.

ಇದು ನಗುವ ಮಾತಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲಿನಿಂದ ಹೊರಹಾಕಿದ ಐವರು ದಲಿತ ವಿದ್ಯಾರ್ಥಿಗಳು ಬಯಲಲ್ಲಿ ಟೆಂಟು ಹಾಕಿ ಮಲಗಿದರು. ಅವರಲ್ಲೊಬ್ಬರಾದ ರೋಹಿತ್ ವೇಮುಲ 2016ರ ಜನವರಿ 17ರಂದು ತೀರಿಕೊಂಡರು. ಕೇಂದ್ರ ಸರಕಾರ ನೇಮಿಸಿದ ಏಕಸದಸ್ಯ ಆಯೋಗ ಆ ಸಾವಿಗೆ ವೈಯಕ್ತಿಕ ಕಾರಣಗಳನ್ನು ಹೇಳಿತು. ಖಿನ್ನತೆ ನಿಜವಾದ ಕಾಯಿಲೆ, ಅದಕ್ಕೆ ಆರೈಕೆ ಬೇಕು, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ 'ಹುಡುಗ ಡಿಪ್ರೆಸ್ ಆಗಿದ್ದ' ಎಂಬಲ್ಲಿಗೆ ವಾಕ್ಯ ನಿಂತುಬಿಟ್ಟರೆ, 1909ರ ಲೇಖನದಲ್ಲಿ ಆದದ್ದೇ ಮತ್ತೆ ಆಗುತ್ತದೆ: ದೋಷ ಅನುಭವಿಸಿದವನೊಳಗೇ ಉಳಿಯುತ್ತದೆ. ಆ ವಿದ್ಯಾರ್ಥಿಗಳು ತಮ್ಮ ಟೆಂಟಿಗೆ ಇಟ್ಟಿದ್ದ ಹೆಸರು 'ವೆಲಿವಾಡ', ತೆಲುಗಿನಲ್ಲಿ ಹೊರಗೇರಿ. ಯಾರು ಹೊರಗಿಟ್ಟರು ಎಂಬ ಪ್ರಶ್ನೆಯನ್ನು ಆ ಹೆಸರೇ ಕೇಳುತ್ತಿತ್ತು.

ಈಗ ಸಾಹಿತ್ಯ ವಿಮರ್ಶೆಗೆ ಬರೋಣ. ದಲಿತ ಕೃತಿ ಬಂದಾಗ ನಮ್ಮ ವಿಮರ್ಶಕರು 'ನೊಂದವರ ದನಿ', 'ಬೆಂದ ಬದುಕಿನ ಚಿತ್ರಣ', 'ದಮನಿತರ ಆಕ್ರೋಶ' ಎಂದು ಶುರು ಮಾಡುತ್ತಾರೆ. ಇವೆಲ್ಲ 'ಡಿಪ್ರೆಸ್ಡ್' ಪದದ ಕನ್ನಡ ಮೊಮ್ಮಕ್ಕಳು. ಮೆಚ್ಚುಗೆಯ ದನಿಯಲ್ಲಿ ಬರುತ್ತವೆ, ಆದರೆ ಎರಡು ಅನ್ಯಾಯ ಮಾಡುತ್ತವೆ. ನೋಯಿಸಿದವರನ್ನು ಬಿಟ್ಟುಕೊಡುವುದು ಒಂದು. ನೊಂದವರಿಗೆ ನೋವಲ್ಲದೆ ಬೇರೇನೂ ಗೊತ್ತಿಲ್ಲ ಎನ್ನುವುದು ಇನ್ನೊಂದು.

ದೇವನೂರ ಮಹಾದೇವರ 'ಒಡಲಾಳ'ವನ್ನೇ ನೋಡಿ. ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ತಡಕಾಡುತ್ತಾಳೆ. ರಾತ್ರಿ ಮನೆಮಂದಿಯೆಲ್ಲ ಕೂತು ಕದ್ದು ತಂದ ಕಡಲೆಕಾಯಿಯನ್ನು ತಿಂದು ಮುಗಿಸುತ್ತಾರೆ. ಆ ತಿನ್ನುವಿಕೆಯಲ್ಲಿ ಹಸಿವಿದೆ, ಜೊತೆಗೆ ಸಂಭ್ರಮವಿದೆ, ಮಾತಿದೆ, ನಗುವಿದೆ. ಪೊಲೀಸರು ಬರುತ್ತಾರೆ, ಅವರ ಹಿಂದೆ ಯಾರಿದ್ದಾರೆ ಎಂಬುದು ಕಥೆಯಲ್ಲಿ ಮುಚ್ಚುಮರೆಯಿಲ್ಲ. ಇದನ್ನು 'ನೊಂದವರ ಕಥೆ' ಎಂದು ಮುಗಿಸಿದರೆ ಆ ಕಡಲೆಕಾಯಿಯ ರಾತ್ರಿಯನ್ನು ಎಲ್ಲಿಡುತ್ತೀರಿ? ಕೃತಿಯಲ್ಲಿ ಕರ್ತರಿಯಲ್ಲಿದ್ದ ಜನರನ್ನು ವಿಮರ್ಶೆ ಮತ್ತೆ ಕರ್ಮಣಿಗೆ ತಳ್ಳುತ್ತದೆ.

ನಮ್ಮ ಲೇಖಕರು ಹೆಸರಿಡುವಾಗ ಇದನ್ನು ಬಲ್ಲವರಾಗಿದ್ದರು. ಸಿದ್ಧಲಿಂಗಯ್ಯನವರ 1975ರ ಸಂಕಲನ 'ಹೊಲೆಮಾದಿಗರ ಹಾಡು'. ಅಲ್ಲಿ ಒಂದೂ ಕರುಣೆಯ ವಿಶೇಷಣವಿಲ್ಲ. ಬೈಗುಳವಾಗಿದ್ದ ಹೆಸರುಗಳೂ, ಆ ಹೆಸರಿನವರು ಮಾಡುವ ಕ್ರಿಯೆಯೂ ಇವೆ. ಅರವಿಂದ ಮಾಲಗತ್ತಿಯವರು 1994ರಲ್ಲಿ ತಮ್ಮ ಆತ್ಮಕಥನಕ್ಕೆ 'ಗೌರ್ಮೆಂಟ್ ಬ್ರಾಹ್ಮಣ' ಎಂದು ಹೆಸರಿಟ್ಟರು. ಮೀಸಲಾತಿಯಲ್ಲಿ ಓದಿದವರನ್ನು ಹಂಗಿಸುವ ಮಾತನ್ನು ಹೊದಿಕೆಯ ಮೇಲೇ ಅಚ್ಚು ಹಾಕಿಸಿದಾಗ, ಓದುಗನಿಗೆ ಮೊದಲು ಕೇಳುವುದು ಹಂಗಿಸಿದವರ ದನಿ. ಕರ್ತೃ ಮುಖಪುಟದಲ್ಲೇ ಸಿಕ್ಕಿಬಿದ್ದಿದ್ದಾನೆ.

ದಲಿತ ವಿಮರ್ಶೆಗೆ ತನ್ನದೇ ಪರಿಭಾಷೆ ಬೇಕು ಎಂದು ನಾವು ವರ್ಷಗಳಿಂದ ಹೇಳುತ್ತಿದ್ದೇವೆ. ಹೊಸ ಪದ ಟಂಕಿಸುವ ಮೊದಲು ಇರುವ ಪದಗಳನ್ನು ವಿಚಾರಿಸಿಕೊಳ್ಳಬಹುದು. ಯಾವುದೇ ವಿಶೇಷಣ ಬರೆಯುವಾಗ ಎರಡು ಪ್ರಶ್ನೆ ಕೇಳಿಕೊಳ್ಳೋಣ: ಇದನ್ನು ಮಾಡಿದವರು ಯಾರು? ಇವರು ಏನು ಮಾಡಿದರು? ಮೊದಲನೆಯ ಪ್ರಶ್ನೆ ಬಿಟ್ಟರೆ ನಮ್ಮ ಬರಹ ಸರಕಾರಿ ಸುತ್ತೋಲೆಯಾಗುತ್ತದೆ, ಎರಡನೆಯದನ್ನು ಬಿಟ್ಟರೆ ಕರುಣಾಜನಕ ಭಾಷಣವಾಗುತ್ತದೆ. ಕಾರ್ಯಕರ್ತರು 'ದೌರ್ಜನ್ಯಕ್ಕೊಳಗಾದ ದಲಿತರು' ಎಂದು ವರದಿ ಬರೆಯುವಾಗ ದೌರ್ಜನ್ಯ ಎಸಗಿದವರ ಜಾತಿಯನ್ನೂ ಅದೇ ವಾಕ್ಯದಲ್ಲಿ ಬರೆಯಲಿ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ 'ಶೋಷಿತರ ಬದುಕನ್ನು ಚಿತ್ರಿಸಲಾಗಿದೆ' ಎಂಬ ವಾಕ್ಯಕ್ಕೆ ಬದಲಾಗಿ, ಯಾರು ಯಾರಿಗೆ ಏನು ಮಾಡಿದರು, ಇವರು ತಿರುಗಿ ಏನಂದರು ಎಂದು ಬರೆಯಲಿ. ಅಂಕ ಕಡಿಮೆ ಬರಬಹುದು, ಕನ್ನಡ ಸರಿಯಾಗುತ್ತದೆ.